ಪ್ರತಿ ವರ್ಷ ಕಾಲು ಸುತ್ತು

ವೇದಿಕೆಯ ಮೇಲಿರುವ ವಸತಿ ಸಂಘದ ಅಧ್ಯಕ್ಷರೇ, ಕಾರ್ಯದರ್ಶಿಗಳೇ, ಅತಿಥಿಗಳೇ, ಮೂವತ್ತೊಂದು ವರ್ಷ ನನಗೆ ಬಾಗಿಲು ತೆರೆದ ನೂರಹನ್ನೆರಡು ಮನೆಗಳ ಸಭಿಕರೇ,

ಇಪ್ಪತ್ತೇಳನೇ ಮನೆಯ ಬೆಂಕಿಯ ವರದಿ ನಿನ್ನೆ ಸಂಜೆ ನಾಲ್ಕು ಗಂಟೆಗೆ ಬಂದಿದೆ. ಬರೆದವರು ವಿದ್ಯುತ್ ತಪಾಸಣಾಧಿಕಾರಿಗಳು. ಅವರು ಎರಡನೇ ಸಾಲಿನಲ್ಲಿ ಕುಳಿತಿದ್ದಾರೆ. ನಾನು ತಪ್ಪು ಹೇಳಿದರೆ ತಿದ್ದಲಿ. ಬೆಂಕಿ ಹುಟ್ಟಿದ್ದು ಹೊಲಿಗೆ ಯಂತ್ರದ ಪಕ್ಕದ ಸ್ವಿಚ್‌ಬೋರ್ಡಿನಲ್ಲಿ. ಸ್ಕ್ರೂ ಅಡಿಯ ಅಲ್ಯೂಮಿನಿಯಂ ತಂತಿ ಕಾಗದದಂತೆ ಚಪ್ಪಟೆಯಾಗಿ ಸೀಳಿಹೋಗಿತ್ತು. ಕಾರಣ ಎಂಬಲ್ಲಿ, 'ಪದೇ ಪದೇ ಬಿಗಿಗೊಳಿಸಿರುವುದು' ಎಂದಿದೆ.

ಬಿಗಿಗೊಳಿಸಿದವನು ನಾನು.

ನನ್ನ ನಿವೃತ್ತಿಗೆಂದು ಅಧ್ಯಕ್ಷರು ಈಗಷ್ಟೇ ಕೊಟ್ಟ ಈ ಫಲಕದಲ್ಲಿ 'ಒಂದೂ ಅವಘಡವಿಲ್ಲದ ಸೇವೆ' ಎಂದು ಕೆತ್ತಿದೆ. ಹೋದ ತಿಂಗಳೇ ಮಾಡಿಸಿಟ್ಟದ್ದು. ಯಾರನ್ನೂ ದೂರುವುದಿಲ್ಲ, ಹಿತ್ತಾಳೆಯನ್ನು ರಬ್ಬರಿನಿಂದ ಅಳಿಸಲಾಗುವುದಿಲ್ಲ.

ಇಲ್ಲಿ ಎಲೆಕ್ಟ್ರಿಷಿಯನ್ ಕೆಲಸಕ್ಕೆ ಸೇರಿದ ಮೂರನೇ ವರ್ಷ ಒಂದು ಮನೆಯಲ್ಲಿ ದೀಪ ಮಿಣುಕುತ್ತಿತ್ತು. ಬೋರ್ಡು ಬಿಚ್ಚಿದೆ, ಸ್ಕ್ರೂ ಸಡಿಲವಾಗಿತ್ತು, ಬಿಗಿ ಮಾಡಿದೆ, ಮಿಣುಕುವುದು ನಿಂತಿತು. ಅಂದಿನಿಂದ ಪ್ರತಿ ವರ್ಷ ಪ್ರತಿ ಮನೆಯ ಪ್ರತಿ ಸ್ಕ್ರೂ ಕಾಲು ಸುತ್ತು. ಯಾರು ಹೇಳಿಕೊಟ್ಟರು? ಯಾರೂ ಇಲ್ಲ. ಯಾರನ್ನು ಕೇಳಿದೆ? ಯಾರನ್ನೂ ಇಲ್ಲ. "ಸ್ಕ್ರೂ ಮಾಮ ಬಂದ, ಟಿವಿ ಹೋಯ್ತು" ಎಂದು ಮಕ್ಕಳು ಗೊಣಗುತ್ತಿದ್ದರು. ನನಗೆ ಅದೂ ಬಿರುದಿನಂತೆ ಕೇಳುತ್ತಿತ್ತು.

ಅಲ್ಯೂಮಿನಿಯಂ ಮೆತ್ತನೆಯ ಲೋಹ. ಬಿಸಿಗೆ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ, ಸ್ಕ್ರೂ ಅಡಿಯಿಂದ ಸ್ವಲ್ಪ ಸ್ವಲ್ಪವೇ ಜರುಗುತ್ತದೆ. ಮತ್ತೆ ಒತ್ತಿದರೆ ತೆಳುವಾಗುತ್ತದೆ. ತೆಳುವಾದ ಕಡೆ ಇನ್ನಷ್ಟು ಬಿಸಿ. ಇದನ್ನು ನಾನು ತಿಳಿದದ್ದು ನಿನ್ನೆ ಸಂಜೆ.

ಇಪ್ಪತ್ತೇಳನೇ ಮನೆ ನನ್ನ ಅಕ್ಕನದು ಎಂಬುದು ನಿಮಗೆಲ್ಲ ಗೊತ್ತು. ನಿಮ್ಮ ಮಕ್ಕಳ ಸಮವಸ್ತ್ರ ಹೊಲಿಯುವವಳು ಅವಳೇ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ನನ್ನ ಮೊದಲ ಸಲಕರಣೆ ಚೀಲವನ್ನು ಪರದೆ ಬಟ್ಟೆಯ ತುಂಡಿನಲ್ಲಿ ಹೊಲಿದು, ಸ್ಕ್ರೂಡ್ರೈವರಿಗೆಂದೇ ಉದ್ದನೆಯ ಜೇಬು ಇಟ್ಟಿದ್ದಳು.

ಎರಡು ತಿಂಗಳ ಹಿಂದೆ ಅವಳು ಕರೆದಳು. "ಲೋ, ಈ ಬೋರ್ಡು ಮುಟ್ಟಿದ್ರೆ ಬೆಚ್ಚಗಿರುತ್ತೆ ಕಣೋ. ಏನೋ ಸುಟ್ಟ ವಾಸ್ನೆ ಬೇರೆ."

"ಪಕ್ಕದಲ್ಲೇ ಇಸ್ತ್ರಿ ಪೆಟ್ಟಿಗೆ ಇಟ್ಕೊಂಡಿದ್ದೀಯ, ಬೆಚ್ಚಗಿರದೆ ಇನ್ನೇನಕ್ಕಾ?" ಎಂದೆ.

"ಎಲ್ಲರ ಮನೆ ದೂರೂ ಕೇಳ್ತೀಯ, ಅಕ್ಕ ಹೇಳಿದ್ದು ಮಾತ್ರ ಕಿವಿಗೆ ಬೀಳಲ್ಲ" ಎಂದು ರೇಗಿಸಿದಳು. ಅವಳ ಸಮಾಧಾನಕ್ಕೆಂದು ಅಂದು ಅರ್ಧ ಸುತ್ತು ಬಿಗಿ ಮಾಡಿದೆ.

ಹನ್ನೆರಡು ದಿನಗಳ ಹಿಂದೆ ಮಧ್ಯಾಹ್ನ ಬೋರ್ಡು ಹೊತ್ತಿತು. ಅವಳು ಓಡಿ ಹೊರಬರಬಹುದಿತ್ತು. ಸಮವಸ್ತ್ರಗಳ ರಾಶಿಯನ್ನು ಬಲಗೈಯಿಂದ ಎಳೆದು ಹಾಕಿದಳು.

ಇಂದು ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಅವಳಿಗೆ ಬೆಂಕಿಯ ವರದಿ ಓದಿ ಹೇಳಿದೆ. ಪೂರ್ತಿ ಕೇಳಿ, "ಸಭೆಗೆ ಇದೇ ಅಂಗೀಲಿ ಹೋಗ್ತೀಯಾ? ಕಾಲರ್ ನೋಡ್ಕೋ" ಎಂದಳು. ನಾನು ಬಾಗಿಲ ತನಕ ಬಂದ ಮೇಲೆ ಕೂಗಿ ಕರೆದಳು. "ಮತ್ತೆ ಸೂಜಿ ಹಿಡಿಯೋಕಾಗುತ್ತಾ ಅಂತ ಡಾಕ್ಟರನ್ನ ಕೇಳೋ."

ಡಾಕ್ಟರು ಎದುರಿಗೇ ಸಿಕ್ಕರು. ನಾನು ಕೇಳಲಿಲ್ಲ.

ಎಲ್ಲ ಮನೆಗಳ ಬೋರ್ಡೂ ಬಿಚ್ಚಿ ನೋಡಬೇಕು ಎಂದಾಗ ಕಾರ್ಯದರ್ಶಿಗಳು ನಿನ್ನೆ, "ಇಷ್ಟು ವರ್ಷ ಏನೂ ಆಗ್ಲಿಲ್ಲ, ಒಂದು ಮನೆಗೋಸ್ಕರ ಎಲ್ಲರ ಗೋಡೆ ಯಾಕೆ ಕೆಡಿಸ್ಬೇಕು?" ಎಂದರು. ಆ ಒಂದು ಮನೆಯಲ್ಲಿ ತಿರುಗಿಸಿದ ಕೈಯೇ ಉಳಿದ ನೂರಹನ್ನೊಂದರಲ್ಲೂ ತಿರುಗಿಸಿದೆ ಸ್ವಾಮಿ. ಈ ಸಭಾಂಗಣದಲ್ಲೂ. ಬೋರ್ಡು ಬೆಚ್ಚಗಿದ್ದರೆ, ದೀಪ ಮಿಣುಕಿದರೆ, ಸುಟ್ಟ ವಾಸನೆ ಬಂದರೆ ಮೇನ್ ಸ್ವಿಚ್ ಆಫ್ ಮಾಡಿ. ನೀವಾಗಿ ಬಿಚ್ಚಬೇಡಿ. ನನ್ನನ್ನೂ ಕರೆಯಬೇಡಿ, ತಪಾಸಣಾಧಿಕಾರಿಗಳ ಕಚೇರಿಗೆ ತಿಳಿಸಿ. ತಂತಿ ಬದಲಿಸಬೇಕೋ, ಅಲ್ಯೂಮಿನಿಯಮ್ಮಿಗೆಂದೇ ಮಾಡಿದ ಜೋಡಣೆ ಹಾಕಬೇಕೋ ಅವರು ಹೇಳುತ್ತಾರೆ.

ಫಲಕವನ್ನು ಈ ಮೇಜಿನ ಮೇಲೇ ಬಿಟ್ಟು ಹೋಗುತ್ತೇನೆ. ತಾಳ್ಮೆಯಿಂದ ಕೇಳಿದ ನಿಮಗೆಲ್ಲ ವಂದನೆ, ನಮಸ್ಕಾರ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಒಂದನೇ ಮನೆಯಿಂದ ಅಧಿಕಾರಿಗಳ ತಪಾಸಣೆ ಆರಂಭ. ಬುಧವಾರ ಹನ್ನೊಂದಕ್ಕೆ ಅಕ್ಕನ ಕೈಯ ಕಟ್ಟು ಬಿಚ್ಚುತ್ತಾರೆ.