ಒಂದೇ ಸೆಕೆಂಡಿನ ಎರಡು ಸಾಲು

ನನ್ನ ಹೆಸರು, ಮನೆ ವಿಳಾಸ ಮೊದಲ ಪುಟದಲ್ಲಿ ಬರೆಸಿರುತ್ತೇನೆ. ವಯಸ್ಸು 34. ವೃತ್ತಿ: ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಯಂತ್ರಗಳಿಗೆ ಪ್ರೋಗ್ರಾಂ ಬರೆಯುವುದು. ಈ ಮೂಲಕ ತಿಳಿಸುವುದೇನೆಂದರೆ,

ಗಾಯಾಳು ನನ್ನ ಅಕ್ಕನ ಗಂಡ. ಅದೇ ಕಾರ್ಖಾನೆಯಲ್ಲಿ ರಟ್ಟು ಕತ್ತರಿಸುವ ಯಂತ್ರವನ್ನು ಹತ್ತೊಂಬತ್ತು ವರ್ಷದಿಂದ ನಡೆಸುತ್ತಿದ್ದಾರೆ. ಆ ಯಂತ್ರದಲ್ಲಿ ಯಾವಾಗ ಏನಾಯಿತೆಂದು ಬರೆದಿಡುವ ಪ್ರೋಗ್ರಾಂ ಏಳು ವರ್ಷದ ಹಿಂದೆ ನಾನು ಬರೆದದ್ದು.

ಸೋಮವಾರ ಬೆಳಿಗ್ಗೆ 11.42ಕ್ಕೆ ಯಂತ್ರದಲ್ಲಿ ಸಿಕ್ಕಿಕೊಂಡ ರಟ್ಟು ತೆಗೆಯಲು ಹೋಗಿ ಭಾವನ ಬಲಗೈಯ ಮೂರು ಬೆರಳು ತುಂಡಾದವು. ನನ್ನ ಮೇಜು ಅಲ್ಲಿಂದ 30 ಅಡಿ. ನಡುವೆ ಗಾಜಿನ ಗೋಡೆ ಇದ್ದುದರಿಂದ ಕೂಗು ಕೇಳಲಿಲ್ಲ. ಜನ ಓಡುವುದು ಕಂಡಿತು.

ಮಧ್ಯಾಹ್ನ 2.30ಕ್ಕೆ ಮ್ಯಾನೇಜರು ದಾಖಲೆ ತೆಗೆಯಲು ಹೇಳಿದರು. ಮೊದಲ ಸಾಲಿನಲ್ಲಿ ಬ್ಲೇಡಿನ ಮುಂದಿನ ಬಾಗಿಲು ತೆರೆದದ್ದು, ಅದರ ಕೆಳಗೆ ಯಂತ್ರ ನಿಲ್ಲಿಸುವ ಗುಂಡಿ ಒತ್ತಿದ್ದು ಇತ್ತು; ಅಂದರೆ ನಿಲ್ಲಿಸುವ ಮೊದಲೇ ಬಾಗಿಲು ತೆಗೆದಂತೆ. ಎಲ್ಲರೆದುರು ನಾನೇ ಓದಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಮ್ಯಾನೇಜರು ಹೇಳಿದರು.

ಮಂಗಳವಾರ ಆಸ್ಪತ್ರೆಯಲ್ಲಿ ಭಾವ, ಗುಂಡಿ ಒತ್ತಿದ ಮೇಲೆಯೇ ಬಾಗಿಲು ತೆಗೆದೆನೆಂದು ಹೇಳಿದರು. ಯಂತ್ರ ಸುಳ್ಳು ಹೇಳುತ್ತದೆಯೇ, ಅದರ ಪ್ರೋಗ್ರಾಂ ಬರೆದವಳು ನನ್ನ ತಂಗಿ ಎಂದು ಅಕ್ಕ ರೇಗಿದಳು. ಸಂಜೆ 5ಕ್ಕೆ ಭಾವ, ಮೊದಲು ಗುಂಡಿ ಒತ್ತಿರಲಿಕ್ಕಿಲ್ಲ ಎಂದರು. ಕಾರ್ಖಾನೆಯವರು ತಂದ ತಪ್ಪೊಪ್ಪಿಗೆ ಪತ್ರಕ್ಕೆ ಎಡಗೈಯಲ್ಲಿ ಸಹಿ ಹಾಕಿದರು. ಕಾಗದ ಜಾರದಂತೆ ಹಿಡಿದುಕೊಂಡವಳು ನಾನು.

ಬುಧವಾರ ಬೆಳಿಗ್ಗೆ 10.15ಕ್ಕೆ ದಾಖಲೆಯ ಪ್ರತಿ ತೆಗೆಯುವಾಗ ಎರಡೂ ಸಾಲಿನಲ್ಲಿ ಒಂದೇ ಸಮಯವಿರುವುದು ಕಂಡಿತು: 11:42:07. ಸಮಯ ತಿಳಿಯಲು ನಾನು ಬಳಸಿದ್ದ ಫಂಕ್ಷನ್, ಅಂದರೆ ಸಿದ್ಧ ಆಜ್ಞೆ, ಪೂರ್ತಿ ಸೆಕೆಂಡನ್ನಷ್ಟೇ ಕೊಡುತ್ತದೆ, ಉಳಿದ ಚೂರನ್ನು ಬಿಟ್ಟುಬಿಡುತ್ತದೆ. ಯಂತ್ರದ ಪ್ರತಿ ಭಾಗಕ್ಕೂ ಒಂದು ಸಂಖ್ಯೆ ಕೊಟ್ಟು, ಸಮಯ ಒಂದೇ ಆದಾಗ ಚಿಕ್ಕ ಸಂಖ್ಯೆಯದು ಮೇಲೆ ಬರುವಂತೆ ಬರೆದಿದ್ದೆ. ಬಾಗಿಲಿನ ಸಂಖ್ಯೆ 1, ಗುಂಡಿಯದು 4. ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ ಹೇಳುವ ಫಂಕ್ಷನ್ ಕೂಡ ಆ ಪ್ರೋಗ್ರಾಂ ಭಾಷೆಯಲ್ಲಿದೆ. ಅದು ಆಗಲೇ ನನಗೆ ಗೊತ್ತಿತ್ತು. ಅಷ್ಟು ಸಣ್ಣದು ಯಾರಿಗೆ ಬೇಕು ಅಂದುಕೊಂಡಿದ್ದೆ.

ಯಂತ್ರದ ಕಂಟ್ರೋಲ್ ಪೆಟ್ಟಿಗೆ ತನ್ನದೇ ಲೆಕ್ಕವನ್ನು ಸಾವಿರದ ಭಾಗದಲ್ಲಿ ಇಡುತ್ತದೆ. 11.05ಕ್ಕೆ ಅದನ್ನು ತೆರೆದೆ. ಆ ಸೆಕೆಂಡಿನ ಸಾವಿರ ಭಾಗಗಳಲ್ಲಿ 180ನೆಯದರಲ್ಲಿ ಗುಂಡಿ ಒತ್ತಲಾಗಿದೆ. 940ರಲ್ಲಿ ಬಾಗಿಲು ತೆರೆದಿದೆ. ಗುಂಡಿ ಒತ್ತಿದ ಮೇಲೆ 500 ಭಾಗದೊಳಗೆ, ಅಂದರೆ ಅರ್ಧ ಸೆಕೆಂಡಿನಲ್ಲಿ, ಬ್ಲೇಡ್ ನಿಲ್ಲಬೇಕು. ಬಾಗಿಲು ತೆರೆದಾಗಲೂ ನಿಂತಿರಲಿಲ್ಲ. ಮ್ಯಾನೇಜರಿಗೆ ತೋರಿಸಿದೆ. ಒಂದು ಸೆಕೆಂಡಿಗೆ ಇಷ್ಟು ರಾದ್ಧಾಂತ ಬೇಡ, ಹೋಗಿ ಕೆಲಸ ನೋಡು ಎಂದರು. ಆ ಲೆಕ್ಕದ ಎರಡು ಪ್ರತಿ ತೆಗೆದುಕೊಂಡು ಹೊರಬಂದೆ.

ಸಂಜೆ 4.10ಕ್ಕೆ ಆಸ್ಪತ್ರೆಯಲ್ಲಿ ಭಾವನಿಗೆ ತಿಳಿಸಿದೆ. ಅಕ್ಕ ಎದ್ದು ಕಿಟಕಿಯ ಹತ್ತಿರ ಹೋದಳು. ಭಾವ, ಗುಂಡಿ ಮೊದಲು ಒತ್ತಿದ್ದು ನನಗೆ ಚೆನ್ನಾಗಿ ನೆನಪಿತ್ತು, ಆದರೆ ಬರೆದವಳು ನೀನಲ್ಲವೇ, ಅದಕ್ಕೆ ನನ್ನನ್ನು ಬಿಟ್ಟು ನಿನ್ನನ್ನು ನಂಬಿದೆ ಎಂದರು. ಆಮೇಲೆ ಊಟ ಆಯ್ತಾ ಎಂದು ಕೇಳಿದರು. ಆಯಿತು ಎಂದೆ. ಆಗಿರಲಿಲ್ಲ.

ಆ ಪತ್ರವನ್ನು ಅವರ ತಪ್ಪೊಪ್ಪಿಗೆ ಎಂದು ಪರಿಗಣಿಸಬಾರದೆಂದು ಕೋರುತ್ತೇನೆ. ಒಂದು ಪ್ರತಿ ಲಗತ್ತಿಸಿದೆ. ಹೇಳಿಕೆಯನ್ನು ನನಗೆ ಓದಿ ಹೇಳಿದರು. ನಾನು ಕಂಡದ್ದು, ಮಾಡಿದ್ದು ಬಿಟ್ಟು ಬೇರೇನೂ ಇದರಲ್ಲಿಲ್ಲ, ಇರುವುದೆಲ್ಲ ಸತ್ಯ.

ಸ್ಥಳ: ಪೊಲೀಸ್ ಠಾಣೆ
ದಿನ: ಗುರುವಾರ, ಬೆಳಿಗ್ಗೆ 9.20
(ಸಹಿ)