ಕೈ ಕಟ್ಟು, ಬಾಯಿ ಮೇಲೆ ಬೆರಳು

...ಹೀಗೆ ಬಾಗಿಲಿಗೆ ಅಡ್ಡ ನಿಂತರೆ ನಾನು ಹಿಂದಕ್ಕೆ ಹೋಗ್ತೀನಿ ಅಂದ್ಕೊಂಡ್ಯಾ ಕುಂದಾ? ಸರಿ ಆಚೆ. ನಾನೇನು ಬಾಂಗಡೆ ಮೀನು ಮಾರೋಕೆ ಬಂದವಳಾ, ಹೊಸ್ತಿಲಾಚೆ ನಿಂತು ಮಾತಾಡೋಕೆ? ಇಪ್ಪತ್ತಾರು ವರ್ಷ ಒಂದೇ ಶಾಲೆ, ಒಂದೇ ಡಬ್ಬಿಯಲ್ಲಿ ಊಟ! ಹಾಂ, ಹೀಗೆ ಬಾ. ನಾನು ಈ ಮೂಲೆ ಕುರ್ಚಿಯಲ್ಲೇ ಕೂರ್ತೀನಿ. ಫ್ಯಾನು ಬೇಡ, ಮಂಡಿ ಹಿಡಿಯುತ್ತೆ.

ಎರಡು ಕಪ್ಪು ತೊಳೆದು ಇಟ್ಟಿದೀಯಲ್ಲ. ನಾನು ಬರ್ತೀನಿ ಅಂತ ಗೊತ್ತಿತ್ತಾ?

ಓ... ಗಡಿಯಾರ ನೋಡ್ತೀಯಾ. ನನಗಲ್ಲ ಹಾಗಾದರೆ. ವಕೀಲರಿಗೆ. ನಮ್ಮ ರುಬೀನಾ ಮುಕಾದಮ್‌ಗೆ. ನಾಲ್ಕಕ್ಕೆ ಬರ್ತಾಳಾ? ಇನ್ನೂ ಇಪ್ಪತ್ತು ನಿಮಿಷ ಇದೆ. ನನಗೆ ಹತ್ತು ಸಾಕು.

ತಲೆ ಯಾಕೆ ಅಲ್ಲಾಡಿಸ್ತೀಯ? ಮಾತಾಡೋ ಹಾಗಿಲ್ಲ ಅಂತಾನಾ? ಗೊತ್ತು ಬಿಡು, ಪೇಟೆಗೆಲ್ಲ ಗೊತ್ತು. ಕೇಸಿನ ವಿಷಯ ಯಾರ ಹತ್ತಿರವೂ ಒಂದು ಅಕ್ಷರ ಆಡಬಾರದು, ಅಕ್ಕನಾಗಲಿ ಗೆಳತಿಯಾಗಲಿ, ಇವತ್ತು ಕೇಳಿಸಿಕೊಂಡವರನ್ನೇ ನಾಳೆ ಸಾಕ್ಷಿಗೆ ನಿಲ್ಲಿಸ್ತಾರೆ... ಅಂದಳಂತೆ ರುಬೀನಾ. ನೆನಪಿದೆಯಾ ಆ ಹುಡುಗಿ? ಆರನೇ ಇಯತ್ತೆ, ಕಿಟಕಿ ಪಕ್ಕದ ಬೆಂಚು. ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ. ಇವಳು ಮುಂದೆ ಏನು ಮಾಡ್ತಾಳೋ ಅಂತ ನಾವೇ ಅಂದ್ಕೊಂಡಿದ್ದೆವು. ಈಗ ನೋಡು, ನಮಗೇ ಸುಮ್ಮನಿರೋದು ಕಲಿಸ್ತಾಳೆ!

ನಗಬೇಕು ಅಂತ ಹೇಳಿದೆ. ನೀನು ನಗಲಿಲ್ಲ.

ಸುಮ್ಮನಿರಿಸೋದು ನನ್ನ ಕೆಲಸವಾಗಿತ್ತು ಅಲ್ವಾ. 'ಕೈ ಕಟ್ಟು, ಬಾಯಿ ಮೇಲೆ ಬೆರಳು!' ನಾನು ಒಂದು ಸಲ ಅಂದರೆ ಅರವತ್ತು ಮಕ್ಕಳು ಗೊಂಬೆಗಳ ಹಾಗೆ ಕೂರ್ತಿದ್ದವು. ನಿನ್ನ ಕ್ಲಾಸಿನ ಗಲಾಟೆಗೂ ನಾನೇ ಬರಬೇಕಿತ್ತು. ನೀನು ಏನನ್ನುತ್ತಿದ್ದೆ? "ಖೋತಬಾಯಿ, ಮಾತಾಡೋ ಮಕ್ಕಳೇ ಕಲಿಯೋದು, ಬಿಡಿ ಪಾಪ" ಅಂತ. ಈಗೆಲ್ಲಿ ಹೋಯ್ತು ಆ ಮಾತು?

ನಲವತ್ತೊಂದು ದಿನ ಕುಂದಾ. ನಾನು ಎಣಿಸಿದೀನಿ. ಜಾಮೀನಿನ ಮೇಲೆ ನೀನು ಮನೆಗೆ ಬಂದು ನಲವತ್ತೊಂದು ದಿನ. ನನ್ನ ಮನೆ ಕಡೆ ತಿರುಗಿ ನೋಡಲಿಲ್ಲ. ಹೋದ ಮಂಗಳವಾರ ನಮ್ಮ ನಂದೂನ ವರ್ಷದ ತಿಥಿ. ಮಗ ಘಾಟಿನಲ್ಲಿ ಬೈಕಿನಿಂದ ಬಿದ್ದು ಹೋದಾಗ ಹದಿಮೂರು ದಿನ ನನ್ನ ಪಕ್ಕ ಮಲಗಿದವಳು ನೀನು. ತಟ್ಟೆ ಮುಂದೆ ಇಟ್ಟು, "ಒಂದು ತುತ್ತು ತಾಯಿ, ಒಂದೇ ತುತ್ತು" ಅಂತ ಉಣ್ಣಿಸಿದವಳು. ಸೊಸೆ ಮುಂಬಯಿಗೆ ಹೋದಳು, ಮಗುವನ್ನ ನನ್ನ ಮಡಿಲಿಗೆ ಬಿಟ್ಟಳು. ಆಗಲೂ ನೀನೇ ಇದ್ದೆ. ಮಂಗಳವಾರ ನಿನಗೂ ಸೇರಿಸಿ ಎಲೆ ಹಾಕಿದ್ದೆ. ಸಂಜೆವರೆಗೆ ಕಾದೆ. ಆಮೇಲೆ ಕಾಗೆಗೇ ಇಟ್ಟೆ.



ಇದೇನು, ವಡಿ ತಟ್ಟೆ ಮುಂದೆ ತಳ್ತೀಯ? ಬೇಡ. ಕಾಯಿ ವಡಿಯ ಸಿಹಿ ನನಗಿಷ್ಟ ಅಂತ ಬಾಯಿಗೆ ತುಂಬಿ ಮುಚ್ಚಿಸೋಣ ಅಂತಾನಾ? ಮೊದಲು ಕೇಳು.

ಊರಲ್ಲಿ ಜನ ಏನಂತಾರೆ ಗೊತ್ತಾ? ಖೋತಬಾಯಿಯೇ ಕುಂದಾಳನ್ನ ಮುಳುಗಿಸಿದಳು, ಖೋತಬಾಯಿಯೇ ಅವಳನ್ನ ಠಾಣೆಗೆ ಎಳಕೊಂಡು ಹೋದಳು ಅಂತ. ಎಳಕೊಂಡು ಹೋದೆನಾ? ಜೊತೆಗೆ ಬಂದೆ ಕಣೆ! ಹತ್ತನೇ ಇಯತ್ತೆಯ ಗಣಿತದ ಪ್ರಶ್ನೆಪತ್ರಿಕೆ, ಪರೀಕ್ಷೆ ಶುರುವಾಗೋ ಮೊದಲೇ ನಿನ್ನ ಫೋನಿನಿಂದ ಆ ಟ್ಯೂಷನ್ ಮಾಸ್ತರನಿಗೆ ಹೋಗಿದೆ ಅಂತ ಪೊಲೀಸರು ಬಂದಾಗ ಯಾರು ನಿಂತರು ನಿನ್ನ ಹತ್ತಿರ? ಹೆಡ್‌ಮಾಸ್ತರರಿಗೆ ತಕ್ಷಣ ಎದೆನೋವು ಬಂತು. ಉಳಿದವರಿಗೆ ಬಸ್ಸಿನ ಹೊತ್ತಾಯ್ತು. ನಾನೊಬ್ಬಳೇ ನಿಂತೆ. ಹೌದು, ನಾನಂದೆ. "ಠಾಣೆಗೆ ಹೋಗು, ಫೋನು ನೀನೇ ತೆಗೆದು ಕೊಡು, ಶುದ್ಧವಾಗಿರೋರು ವಕೀಲರನ್ನ ಕೇಳ್ತಾರಾ? ವಕೀಲ ಬೇಕು ಅಂದ ತಕ್ಷಣ ಕಳ್ಳಿ ಅಂತಾರೆ" ಅಂದೆ. ನನಗೇನು ಗೊತ್ತಿತ್ತು ಕಾನೂನು? ಹೆಂಗಸರನ್ನ ಠಾಣೆಗೆ ಕರೆಯೋ ಹಾಗಿಲ್ಲ, ಅವರೇ ಮನೆಗೆ ಬಂದು ಕೇಳಬೇಕು ಅಂತ ಈಗ ಹೇಳ್ತಾಳಂತೆ ರುಬೀನಾ. ವಕೀಲರು ಬರಲಿ ಅಂತ ಕೇಳಬಹುದಿತ್ತಂತೆ. ನಮ್ಮ ಮೇಲೆ ನಾವೇ ಸಾಕ್ಷಿ ಹೇಳಬೇಕು ಅಂತ ಯಾರೂ ಒತ್ತಾಯ ಮಾಡೋ ಹಾಗಿಲ್ಲವಂತೆ. ಪೊಲೀಸರು ಬರಕೊಂಡ ಹೇಳಿಕೆಗೆ ಸಹಿಯನ್ನೇ ಹಾಕಬಾರದಂತೆ! ನೀನು ಹಾಕಿದ್ದು ಸಹಿ ಮಾತ್ರಾನಾ? ಹವಾಲ್ದಾರ ಬರೆದದ್ದನ್ನ ಪೂರ್ತಿ ಓದಿ, ತಪ್ಪು ತಿದ್ದಿ, ನಾಲ್ಕೂ ಹಾಳೆಗೆ ಕೆಳಗೆ ಸಹಿ, ತಾರೀಖು. ನಾನೇ ಚೀಲದಿಂದ ಪೆನ್ನು ತೆಗೆದು ಕೊಟ್ಟೆ. ಮಾಸ್ತರಿಕೆ ನಮ್ಮನ್ನ ಎಲ್ಲಿ ಹೋದರೂ ಬಿಡಲ್ಲ ನೋಡು.

ನನ್ನ ತಪ್ಪಾ ಅದು? ಹೇಳು!

ಸರಿ, ಹೇಳಬೇಡ.

ಆದರೆ ದ್ರೋಹ ಅಂದರೆ ನಾನೂ ಒಂದು ಹೇಳ್ತೀನಿ. ವಾಚನಾಲಯ ನೋಡ್ಕೊಳ್ಳೋ ಫಾಟಕ ಮಾಸ್ತರರು. ನಾಲ್ಕು ವರ್ಷ! ದಿನಾ ಬೆಳಿಗ್ಗೆ ನಿನಗೆ ಫೋನಿನಲ್ಲಿ ಬರೀತಿದ್ದರಂತೆ. ಅಂಗಳದಲ್ಲಿ ಯಾವ ಹೂ ಬಿಟ್ಟಿತು, ಯಾವ ಹಕ್ಕಿ ಬಂತು... ಆ ಫೋನು ಪೊಲೀಸರ ಕೈಗೆ ಹೋಯ್ತು, ಅಲ್ಲಿಂದ ಅವರ ಹೆಂಡಂದಿರ ಬಾಯಿಗೆ, ಅಲ್ಲಿಂದ ಮೀನಿನ ಪೇಟೆಗೆ. ಮೊನ್ನೆ ಸುರಮಯಿ ಕೊಳ್ಳೋಕೆ ಹೋದರೆ ಆ ಮೀನಿನ ಹೆಂಗಸು ನನ್ನನ್ನ ಕೇಳ್ತಾಳೆ, "ಏನ್ ಬಾಯಿ, ನಿಮ್ಮ ಗೆಳತಿಯ ಅಂಗಳದಲ್ಲಿ ಸುರಂಗಿ ಹೂ ಬಿಟ್ಟಿತಾ?" ಅಂತ. ಸುತ್ತ ಇದ್ದವರೆಲ್ಲ ಕಿಸಕ್ಕಂತ ನಕ್ಕರು. ನನಗೆ ಅರ್ಥವೇ ಆಗಲಿಲ್ಲ. ಮನೆಗೆ ಬರುವಾಗ ಅರ್ಥವಾಯ್ತು. ನನಗೆ ಹೇಳಲಿಲ್ಲವಲ್ಲ ಕುಂದಾ! ಮದುವೆ ಬೇಡ ಅಂತ ಐವತ್ಮೂರು ವರ್ಷ ಕಳೆದವಳ ಬಾಳಿಗೆ ಒಂದು ಹೂ ಬಿಟ್ಟರೆ ಮೊದಲು ನನಗೆ ಗೊತ್ತಾಗಬೇಕಿತ್ತು. ಪೊಲೀಸರಾದ ಮೇಲೆ, ಮೀನಿನವಳಾದ ಮೇಲೆ, ಕೊನೆಗೆ ನನಗೆ! ಆ ಫೋನನ್ನ ನಾನು ಎಷ್ಟು ಸಲ ಹಿಡಿದಿದೀನಿ. ಹಾಜರಿ ತುಂಬಿದ್ದು ನಾನು, ಮಕ್ಕಳ ಊಟದ ಲೆಕ್ಕ ತುಂಬಿದ್ದು ನಾನು. ಒಂದು ದಿನವಾದರೂ ಬೇರೆ ಕಡೆ ಬೆರಳು ಹಾಕಿದೀನಾ? ಹಾಕಿದ್ದರೆ ಫಾಟಕರ ವಿಷಯ ಅಂದೇ...

ಅಲ್ಲ, ಅದು ಹಳೇ ಮಾತು. ಹೋದ ವರ್ಷದ್ದು. ಈ ವರ್ಷ ನಾನು ಮುಟ್ಟಿಲ್ಲ.

ಎಲ್ಲಿಗೆ ಎದ್ದೆ? ನಲ್ಲಿ ಯಾಕೆ ತಿರುಗಿಸ್ತೀಯ, ಪಾತ್ರೆ ಏನೂ ಇಲ್ಲವಲ್ಲ ಅಲ್ಲಿ... ನಿಲ್ಲಿಸು ಅದನ್ನ. ನೀರಿನ ಸದ್ದಿಗೆ ನನ್ನ ಮಾತು ನನಗೇ ಕೇಳಲ್ಲ. ಕೇಳಬಾರದು ಅಂತಾನಾ? ನನ್ನ ದನಿಯೇ ಬೇಡವಾಯ್ತಾ ನಿನಗೆ?

ಬಾ. ಕೂತ್ಕೋ. ಒಂದೇ ಒಂದು ಕೇಳ್ತೀನಿ, ಹೌದು ಅಲ್ಲ ಅಷ್ಟು ಹೇಳಿದರೆ ಸಾಕು. ಫೋನಿನ ಬೀಗ ಬೇರೆ ಯಾರಿಗೆ ಗೊತ್ತಿತ್ತು ಅಂತ ರುಬೀನಾ ಕೇಳಿದಳಾ?

ಕೇಳಿರ್ತಾಳೆ. ಜಾಣೆ ಅವಳು. ನೀನೇನು ಹೇಳಿದೆ?

ನೋಡು, ಅವತ್ತು ಹವಾಲ್ದಾರನ ಮುಂದೆ ಹೇಳಿದ್ದನ್ನೇ ಹೇಳಿಬಿಡು. "ಬೀಗ ನನಗೊಬ್ಬಳಿಗೇ ಗೊತ್ತು, ಬೇರೆ ಯಾರಿಗೂ ಗೊತ್ತಿಲ್ಲ" ಅಂತ. ಅದೇ ಮರ್ಯಾದೆ. ಸರ್ಕಾರದ ಕೆಲಸ ಇನ್ನೊಬ್ಬಳ ಕೈಲಿ ಮಾಡಿಸ್ತಿದ್ದೆ ಅಂದರೆ ಇಲಾಖೆ ಬಿಡುತ್ತಾ? ನಿನ್ನ ಒಳ್ಳೇದಕ್ಕೇ ನಾನು ಅವತ್ತು ಮೇಜಿನ ಕೆಳಗೆ ತೊಡೆ ಚಿವುಟಿದ್ದು. ನೀನು 'ಖೋತಬಾಯಿ' ಅಂತ ಬಾಯಿ ತೆಗೆದಿದ್ದೆ... ಅರ್ಧಕ್ಕೇ ನಿಲ್ಲಿಸಿದೆ. ಒಳ್ಳೇದಾಯ್ತು. ಈಗ ಮಾತು ಬದಲಾಯಿಸಿದರೆ ನೀನೇ ಸುಳ್ಳಿಯಾಗ್ತೀಯ, ಸಹಿ ಬೇರೆ ಇದೆ. ನಿನಗೆ ಹಿಂದೆ ಮುಂದೆ ಯಾರಿದಾರೆ? ನನಗೆ ಸಾನಿಕಾ ಇದಾಳೆ. ಹದಿನಾರು ವರ್ಷ, ಈ ಸಲವೇ ಹತ್ತನೇ ಇಯತ್ತೆ. ಅಪ್ಪ ಹೋದ ಮೇಲೆ ಆ ಮಗು ಪುಸ್ತಕದ ಮುಂದೆ ಕೂತು ಒಂದೇ ಲೆಕ್ಕವನ್ನ ಗಂಟೆಗಟ್ಟಲೆ ನೋಡ್ತಿತ್ತು. ಶಾಲೆಯ ಪರೀಕ್ಷೆಯಲ್ಲಿ ನೂರಕ್ಕೆ ಹನ್ನೊಂದು. ರಾತ್ರಿ ಎಲ್ಲ ಅಳು. ಅಜ್ಜಿ, ನಾನು ಫೇಲಾದರೆ ಅಮ್ಮ ಮುಂಬಯಿಗೆ ಕರಕೊಂಡು ಹೋಗ್ತಾಳೆ ಅಂತ. ನಂದೂನ ಕಣ್ಣು ಅವಳದ್ದು. ಅವಳೂ ಹೋದರೆ ಆ ಮನೆಯಲ್ಲಿ ನಾನು ಯಾರ ಮುಖ ನೋಡಲಿ?

ಕೈ ಬಿಡು. ಯಾಕಿಷ್ಟು ಗಟ್ಟಿ ಹಿಡೀತೀಯ, ಬಳೆ ಒತ್ತುತ್ತೆ.

ಕೊನೆಗೆ ಏನಾಯ್ತು ಗೊತ್ತಾ? ನಗು ಬರುತ್ತೆ. ಆ ಟ್ಯೂಷನ್ ಮಾಸ್ತರ ಉತ್ತರ ಬಿಡಿಸಿ ಅವಳಿಗೆ ಕಳಿಸಲೇ ಇಲ್ಲ, ಊರೆಲ್ಲ ಹಂಚಿದ. ಸಾನಿಕಾ ಅದನ್ನ ಕಣ್ಣಿಂದಲೂ ನೋಡಲಿಲ್ಲ. ತಾನೇ ಬರೆದು ಮೂವತ್ತೇಳು ತೆಗೆದಳು. ಪಾಸಾದಳು ಕುಂದಾ, ತಾನೇ ಪಾಸಾದಳು! ಸುಮ್ಮನೆ, ಏನೂ ಬೇಕಿರಲಿಲ್ಲ... ಯಾರೋ ಸಾಮಾನಿನ ಕೋಣೆಯಲ್ಲಿ ನಿಂತು, ಕೈಗೆ ಸಿಕ್ಕಿದ ಫೋನಿನಲ್ಲಿ... ತನ್ನದು ಬ್ಯಾಟರಿ ಇರಲಿಲ್ಲವೋ ಏನೋ ಪಾಪ...

ಯಾರೋ ಅಂದೆ. ಯಾರೋ ಮಾಡಿರಬೇಕು ಅಂದೆ. ನಾನು ಊಹೆಯಲ್ಲಿ ಹೇಳಿದ್ದು.

ಹಾಗೆ ನೋಡಬೇಡ. ಕೇಳಬೇಕಾದರೆ ಕೇಳು. ಬೈಯಬೇಕಾದರೆ ಬೈಯಿ. ಹವಾಲ್ದಾರ ಕೇಳಿದ, ಇಲಾಖೆಯವರು ಕೇಳಿದರು, ಆ ಪೇಪರಿನವನು ಮನೆವರೆಗೆ ಬಂದು ಕೇಳಿದ: ಯಾರು ಮಾಡಿರಬಹುದು ಬಾಯಿ, ನಿಮಗೆ ಯಾರ ಮೇಲೆ ಅನುಮಾನ? ಎಲ್ಲರೂ ಕೇಳಿದರು. ನೀನು ಕೇಳಲಿಲ್ಲ. ಕೆಲಸ ನಿನ್ನದು ಹೋಗಿದ್ದು, ಮಾನ ನಿನ್ನದು ಹೋಗಿದ್ದು. ಎಷ್ಟು ವರ್ಷ ಜೈಲೋ ಗೊತ್ತಿಲ್ಲ, ಅದೂ ನಿನಗೇ. ಒಂದು ಸಲವಾದರೂ, ಠಾಣೆಯಿಂದ ರಿಕ್ಷಾದಲ್ಲಿ ಬರುವಾಗಲಾದರೂ, "ಪ್ರಮೀಳಾತಾಯಿ, ಯಾರು ಮಾಡಿದರು?" ಅಂತ...

ಯಾಕೆ ಕೇಳಲಿಲ್ಲ ಕುಂದಾ?

...

ರಿಕ್ಷಾದಲ್ಲಿ ನೀನು ಹೊರಗೆ ನೋಡ್ತಾ ಇದ್ದೆ. ತೊಡೆ ಉಜ್ಜಿಕೊಳ್ತಾ ಇದ್ದೆ, ನಾನು ಚಿವುಟಿದ ಕಡೆ.

ಆಗಲೇನಾ? ಚಿವುಟಿದಾಗಲೇ?

ಗೊತ್ತಿದ್ದೂ ಸಹಿ ಹಾಕಿದೆಯಾ... ನಾಲ್ಕು ಹಾಳೆಗೂ...

ಏನಾದರೂ ಅನ್ನು. ನಿನ್ನ ಕಾಲಿಗೆ ಬೀಳ್ತೀನಿ, ಏನಾದರೂ ಅನ್ನು. ನಾನು ಹೇಳಿಬಿಡ್ತೀನಿ ಈಗ, ಕೇಳು, ಅವತ್ತು ಬೆಳಿಗ್ಗೆ ಹತ್ತೂವರೆಗೆ ನಾನು ಪ್ರಶ್ನೆಪತ್ರಿಕೆ ಇಟ್ಟಿದ್ದ ಬೀರುವಿನ ಬೀಗ...

ಗೇಟಿನ ಸದ್ದು ಅಲ್ವಾ ಅದು? ಅವಳೇ. ಬಂದಳು.

ಏನದು ಕುಂದಾ... ಯಾಕೆ ಕೈ ಕಟ್ಟಿಕೊಂಡೆ?

ಬಾಯಿ ಮೇಲೆ ಬೆರಳು... ನನಗಾ? ನನಗೆ ಹೇಳ್ತಿದೀಯಾ?

ಆ ವಡಿ, ಆ ನಲ್ಲಿ, ಕೈ ಹಿಡಿದು ಒತ್ತಿದ್ದು... ಬಂದಾಗಿನಿಂದ ಸುಮ್ಮನಿರು ಅಂತ ನನಗೇ ಹೇಳ್ತಿದ್ದೆಯಾ? ಠಾಣೆಯಲ್ಲಿ ನಾನು ನಿನಗೆ ಇಷ್ಟೇ ಇಷ್ಟು ಹೇಳಿದ್ದರೆ...

ಬಾ ರುಬೀನಾ, ಬಾ ಮಗು. ಎಷ್ಟು ದೊಡ್ಡವಳಾದೆ! ಗುರುತು ಸಿಕ್ಕಿತಾ, ನಾನು ಖೋತಬಾಯಿ. ಕೂತ್ಕೋ, ಕಪ್ಪು ಇಟ್ಟಿದಾಳೆ ನಿನಗೆ. ನಾನು ಹೊರಟೆ.

ಇಲ್ಲಮ್ಮ. ಏನೂ ಮಾತಾಡ್ತಿರಲಿಲ್ಲ. ಇಬ್ಬರೂ ಸುಮ್ಮನೆ ಕೂತಿದ್ದೆವು.