ತಾನಾಗಿ ಜರುಗಿದ ಮುಚ್ಚಳ

ಕೆನ್ನೆ ಊದಿದ್ದ ಅಜ್ಜಿಗೆ ಬಾಯಿ ಸೋತಿತ್ತು, ಕಿವಿ ಚುರುಕಾಗಿತ್ತು. ಹಲ್ಲಿನ ಡಾಕ್ಟರಿಗೆ ಕಾಯುತ್ತಾ ಎದುರಿನ ಭಾವ, ಭಾವಮೈದ ತೊಡೆಯ ಮೇಲೆ ರಟ್ಟು ಹಾಸಿ, ಗುಂಡಿ, ಮುಚ್ಚಳಗಳನ್ನೇ ಕಾಯಿ ಮಾಡಿಕೊಂಡು ಆಡುತ್ತಿದ್ದರು. ಸೋತವರು ಮೊದಲು ಹಲ್ಲು ಕೀಳಿಸಿಕೊಳ್ಳಬೇಕು.

“ನಿನ್ನ ಕಾಯಿ ಜರುಗಿತು.”

“ನಾನು ಮುಟ್ಟೇ ಇಲ್ಲ, ಭಾವ.”

“ನನ್ನ ಪ್ಲಾಸ್ಟಿಕ್ ಗುಂಡಿ ತಳ್ಳದೆ ಕದಲಲ್ಲ. ನಿನ್ನ ತಗಡಿನ ಮುಚ್ಚಳಕ್ಕೆ ಮಾತ್ರ ಕಾಲು ಬಂತಾ?”

“ಫ್ಯಾನಿನ ಗಾಳಿ ಇರ್ಬೇಕು.”

“ಗಾಳಿನೂ ಮುಟ್ಟೇ ತಳ್ಳೋದು. ಗುಂಡಿಗೂ ತಾಗ್ಬೇಕಿತ್ತಲ್ಲ? ಮುಟ್ಟದೆ ಎಳೆಯೋದು ಅಯಸ್ಕಾಂತ. ಕೈ ತೋರ್ಸು.”

ಭಾವಮೈದ ಚಾಚಿದ ಎರಡೂ ಕೈ ಖಾಲಿ.

“ಆಯ್ತಪ್ಪ, ಸೋತೆ,” ಎಂದ ಭಾವ.

ಒಳಗಿಂದ ಕರೆ ಬಂತು. ಭಾವ ನಿಟ್ಟುಸಿರಿಟ್ಟು ರಟ್ಟನ್ನು ಚೀಲದೊಳಕ್ಕೆ ಬೋರಲು ಮಾಡಿದ. ಕಾಯಿಗಳೆಲ್ಲ ಉದುರಿದವು. ಒಂದು ಮುಚ್ಚಳ ಮಾತ್ರ ರಟ್ಟಿಗೆ ಕಚ್ಚಿಕೊಂಡೇ ಇತ್ತು.

ಭಾವ ಎದ್ದು ಭಾವಮೈದನ ಬೆನ್ನಿಗೆ ಅಂಗೈ ಇಟ್ಟು ಬಾಗಿಲೊಳಕ್ಕೆ ನೂಕಿದ.

“ನಾನು ಮುಟ್ಟೇ ತಳ್ಳೋನಪ್ಪ. ನಡಿ.”